ಹೊಸದಾಗಿ ಜೋಡಿಸಿದ ಎಂಟಿಬಿಯಲ್ಲಿ ಚೈನು ಕಾಟ ಕೊಡುತ್ತಿದೆಯೇ? ಸ್ಕ್ರೂ ಮುಟ್ಟುವ ಮೊದಲು ನೋಡಬೇಕಾದದ್ದು, ಆಮೇಲೆ ತಿರುಗಿಸಬೇಕಾದದ್ದು

ಫ್ರೇಮು ಒಂದು ಕಡೆಯಿಂದ, ಕ್ರ್ಯಾಂಕು (ಪೆಡಲ್ ಕೂರುವ ತೋಳು) ಇನ್ನೊಂದು ಕಡೆಯಿಂದ, ಚಕ್ರಗಳು ಯಾರೋ ಗೆಳೆಯ ಮಾರಿದ್ದು. ಎಲ್ಲ ತಂದು ಮನೆಯಲ್ಲೇ ಎಂಟಿಬಿ, ಅಂದರೆ ಮೌಂಟನ್ ಬೈಕ್ ಸೈಕಲ್ಲು, ಜೋಡಿಸಿದವರು ಮೊದಲ ವಾರದಲ್ಲೇ ಫೋನ್ ಮಾಡುತ್ತಾರೆ. "ಅಣ್ಣಾ, ಎಲ್ಲಾ ಹೊಸ ಪಾರ್ಟು. ಆದ್ರೂ ಚೈನು ಬೀಳ್ತಿದೆ." ನಾನು ಕೇಳುವ ಮೊದಲ ಪ್ರಶ್ನೆ, "ಇಲ್ಲಿವರೆಗೆ ಏನೇನು ತಿರುಗಿಸಿದ್ದೀಯ?" ಉತ್ತರ ಹೆಚ್ಚುಕಮ್ಮಿ ಒಂದೇ: "ಎಲ್ಲಾನೂ."

ಎಡವಟ್ಟಾಗುವುದು ಅಲ್ಲೇ. ಗೇರಿನ ಸ್ಕ್ರೂಗಳು ಇರುವುದು ಮಿಕ್ಕಿದ್ದೆಲ್ಲ ಸರಿಯಾಗಿ ಕೂತ ಮೇಲೆ ಕೂದಲೆಳೆಯಷ್ಟು ವ್ಯತ್ಯಾಸ ಸರಿಪಡಿಸಲಿಕ್ಕೆ. ಚೈನು ತಪ್ಪು ದಾರಿಯಲ್ಲಿ ಹಾದಿದ್ದರೆ, ಉದ್ದ ಕಮ್ಮಿಯಿದ್ದರೆ, ಡಿರೇಲರ್ (ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಭಾಗ) ನೇತಾಡುವ ಹ್ಯಾಂಗರ್ ಸೊಟ್ಟಗಿದ್ದರೆ ಇಡೀ ದಿನ ಸ್ಕ್ರೂ ತಿರುಗಿಸಿದರೂ ಉಪಯೋಗವಿಲ್ಲ. ಹಳೆಯ ಸೈಕಲ್ಲಿನಲ್ಲಿ ಚೈನ್ ತೊಂದರೆ ಅಂದರೆ ಮೊದಲು ಸವೆತ ನೋಡುತ್ತೇವೆ. ಹೊಸದರಲ್ಲಿ ಸವೆದದ್ದು ಸಾಮಾನ್ಯವಾಗಿ ಇರುವುದಿಲ್ಲ. ತಪ್ಪು ಇರುವುದು ಜೋಡಣೆಯಲ್ಲಿ, ಇಲ್ಲವೇ ಒಂದಕ್ಕೊಂದು ಹೊಂದದ ಪಾರ್ಟುಗಳಲ್ಲಿ. ಹಾಗಾಗಿ ಹುಡುಕುವ ಕ್ರಮವೂ ಬೇರೆ.

ಇಲ್ಲಿ ಹೇಳುವುದೆಲ್ಲ ಮುಂದೆ ಒಂದೇ ಚೈನ್‌ರಿಂಗ್ (ಪೆಡಲಿನ ಬಳಿಯ ಹಲ್ಲುಗಾಲಿ), ಹಿಂದೆ 10, 11 ಅಥವಾ 12 ಗೇರ್ ಇರುವ ಸೈಕಲ್ಲಿಗೆ. ಲೆಕ್ಕ ಬಂದಲ್ಲೆಲ್ಲ ಮುಂದೆ ಮಾತ್ರ ಸಸ್ಪೆನ್ಷನ್ ಇರುವ ನನ್ನ ಹಾರ್ಡ್‌ಟೇಲನ್ನೇ ಉದಾಹರಣೆ ತೆಗೆದುಕೊಂಡಿದ್ದೇನೆ: ಮುಂದೆ 32 ಹಲ್ಲು, ಹಿಂದೆ 10ರಿಂದ 51 ಹಲ್ಲಿನ 12 ಗೇರಿನ ಕ್ಯಾಸೆಟ್. ಕ್ಯಾಸೆಟ್ಟಿನ ಒಂದೊಂದು ಹಲ್ಲುಗಾಲಿಗೂ ಕಾಗ್ ಅನ್ನುತ್ತೇನೆ.

ಬೇಕಾಗುವ ಸಾಮಾನು

4 ಮತ್ತು 5 ಮಿ.ಮೀ. ಅಲೆನ್ ಕೀ, ನಿಮ್ಮ ಡಿರೇಲರ್ ಸ್ಕ್ರೂಗೆ ಸರಿಹೊಂದುವ ಸಣ್ಣ ಸ್ಕ್ರೂಡ್ರೈವರ್ ಅಥವಾ ಅಲೆನ್ ಕೀ, 11-12 ಗೇರಿನ ಚೈನಿಗೆ ಆಗುವ ಚೈನ್ ಕಟ್ಟರ್, ಕ್ವಿಕ್ ಲಿಂಕ್ (ಚೈನಿನ ಎರಡು ತುದಿ ಕೂಡಿಸುವ ಕೊಂಡಿ) ಇಕ್ಕಳ, ಉಕ್ಕಿನ ಸ್ಕೇಲು, ಟಾರ್ಕ್ ರೆಂಚ್. ಹಳೆಯ ಸ್ಪೋಕ್ ಒಂದನ್ನು ಎರಡೂ ತುದಿಯಲ್ಲಿ ಬಗ್ಗಿಸಿಕೊಂಡರೆ ಚೈನಿನ ಎರಡು ತುದಿಗಳನ್ನು ಹತ್ತಿರ ಹಿಡಿದಿಡುವ ಕೊಕ್ಕೆ ಆಗುತ್ತದೆ. ಹ್ಯಾಂಗರ್ ಅಳೆಯುವ ಗೇಜ್ ಮನೆಯಲ್ಲಿ ಇರಲೇಬೇಕು ಅಂತಿಲ್ಲ, ಅದಕ್ಕೆ ಅಂಗಡಿಗೆ ಹೋಗಬಹುದು.

ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿ ಈ ಕೆಲಸ ಮಾಡಬೇಡಿ. ಹ್ಯಾಂಡಲಿನಲ್ಲಿ ಗೇರ್ ಬದಲಿಸುವ ಶಿಫ್ಟರ್ ನೆಲಕ್ಕೆ ಒತ್ತಿಕೊಳ್ಳುತ್ತದೆ, ಕೇಬಲ್ ಬಾಗುತ್ತದೆ, ಎಡ ಬಲ ತಲೆಯಲ್ಲಿ ಅದಲುಬದಲಾಗುತ್ತದೆ. ಸ್ಟ್ಯಾಂಡ್ ಇಲ್ಲದಿದ್ದರೆ ಸೀಟಿನ ಮೂತಿಗೆ ಹಗ್ಗ ಕಟ್ಟಿ ಉಯ್ಯಾಲೆ ಕೊಕ್ಕೆಗೆ ನೇತುಹಾಕಿ. ನಾನು ಎಷ್ಟೋ ದಿನ ಹಾಗೇ ಮಾಡಿದ್ದೇನೆ.

ಇನ್ನೊಂದು ಸಾಮಾನು ನಿಮ್ಮ ಜೇಬಿನಲ್ಲೇ ಇದೆ: ಫೋನಿನ ಸ್ಲೋ ಮೋಷನ್ ಕ್ಯಾಮೆರಾ. ಕಣ್ಣಿಗೆ ಸಿಗದ ಜಿಗಿತ ಅದರಲ್ಲಿ ಸಿಗುತ್ತದೆ.

ಹಂತ 1: ಏನಾಗುತ್ತಿದೆ ಅಂತ ಮೊದಲು ಬರೆದುಕೊಳ್ಳಿ

"ಚೈನ್ ಸರಿಯಿಲ್ಲ" ಅನ್ನುವುದು ಲಕ್ಷಣವಲ್ಲ. ಮುಂದೆ ಬೀಳುತ್ತದೋ, ಹಿಂದೆ ಬೀಳುತ್ತದೋ? ಯಾವ ಗೇರಿನಲ್ಲಿ? ಮುಂದಕ್ಕೆ ತುಳಿಯುವಾಗಲೋ, ಹಿಂದಕ್ಕೆ ತಿರುಗಿಸಿದಾಗಲೋ? ಸುಮ್ನೆ ಕೈಯಲ್ಲಿ ತಿರುಗಿಸಿದರೂ ಆಗುತ್ತದೋ, ಏರಿನಲ್ಲಿ ಜೋರಾಗಿ ತುಳಿದಾಗ ಮಾತ್ರವೋ?

ಆಮೇಲೆ ಸದ್ದಿನ ಲೆಕ್ಕ. ಇದು ಸಣ್ಣ ವಿಷಯ ಅನಿಸಬಹುದು, ಆದರೆ ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ಪೆಡಲನ್ನು ಕೈಯಲ್ಲಿ ನಿಧಾನಕ್ಕೆ ತಿರುಗಿಸುತ್ತಾ ಸದ್ದು ಎಷ್ಟು ಸುತ್ತಿಗೊಮ್ಮೆ ಬರುತ್ತದೆ ಅಂತ ಎಣಿಸಿ. ಪ್ರತಿ ಸುತ್ತಿಗೂ ಒಂದು ಸಲ ಬಂದರೆ ತೊಂದರೆ ಚೈನ್‌ರಿಂಗ್, ಕ್ರ್ಯಾಂಕ್ ಅಥವಾ ಪೆಡಲಿನಲ್ಲಿ. ಸುಮಾರು ಮೂರೂವರೆ ಸುತ್ತಿಗೆ ಒಂದು ಸಲ ಬಂದರೆ ಅದು ಚೈನಿನದೇ ಒಂದು ಕೊಂಡಿ. ಯಾಕೆಂದರೆ 116 ಕೊಂಡಿಯ ಚೈನು 32 ಹಲ್ಲಿನ ರಿಂಗಿನ ಮೇಲೆ ಒಂದು ಪೂರ್ತಿ ಸುತ್ತು ಬರಲು 3.6 ಸಲ ತುಳಿಯಬೇಕು. ಯಾವಾಗಲೂ ಬಿಡದೆ ಕರಕರ ಅಂದರೆ ಚೈನು ಎಲ್ಲೋ ಉಜ್ಜುತ್ತಿದೆ, ನೇರ ಹಂತ 3ಕ್ಕೆ ಹೋಗಿ. ಒಂದೇ ಒಂದು ಕಾಗ್‌ನಲ್ಲಿ ಮಾತ್ರ ಸದ್ದು ಅಂದರೆ ಹೊಂದಾಣಿಕೆ ಅಥವಾ ಹ್ಯಾಂಗರ್.

ಹಂತ 2: ಪಾರ್ಟುಗಳು ಒಂದಕ್ಕೊಂದು ಹೊಂದುತ್ತವೆಯೇ?

ಡಬ್ಬಗಳನ್ನು ಎಸೆದಿಲ್ಲ ತಾನೇ? ಪ್ರತಿ ಪಾರ್ಟಿನ ಮಾಡೆಲ್ ನಂಬರನ್ನು ಒಂದು ಚೀಟಿಯಲ್ಲಿ ಬರೆಯಿರಿ.

ಶಿಫ್ಟರ್ ಮತ್ತು ಡಿರೇಲರ್ ಒಂದೇ ಕಂಪನಿಯವು, ಒಂದೇ ಸಂಖ್ಯೆಯ ಗೇರಿನವು, ಎರಡೂ ಎಂಟಿಬಿಯವು ಆಗಿರಬೇಕು. ಒಂದು ಕ್ಲಿಕ್ಕಿಗೆ ಶಿಫ್ಟರ್ ಎಳೆಯುವ ಕೇಬಲ್ಲಿನ ಅಳತೆ ಕಂಪನಿಯಿಂದ ಕಂಪನಿಗೆ ಬೇರೆ. ಶಿಮಾನೊ ಶಿಫ್ಟರಿಗೆ ಶ್ರಾಮ್ ಈಗಲ್ ಡಿರೇಲರ್ ಹಾಕಿದರೆ ಎರಡು ಗೇರು ಸರಿಯಾಗಿ ಬೀಳುತ್ತವೆ, ಮೂರನೆಯದು ತಪ್ಪುತ್ತದೆ. ಯಾವ ಸ್ಕ್ರೂ ತಿರುಗಿಸಿದರೂ ಅದು ಸರಿಹೋಗುವುದಿಲ್ಲ.

ಚೈನು ಮತ್ತು ಚೈನ್‌ರಿಂಗಿನ ಜೋಡಿಯಲ್ಲಿ ಜನ ಜಾಸ್ತಿ ಎಡವುತ್ತಾರೆ. ಶಿಮಾನೊದ 12 ಗೇರಿನ ಹೈಪರ್‌ಗ್ಲೈಡ್ ಪ್ಲಸ್ ಚೈನಿನಲ್ಲಿ ಒಳಪಟ್ಟಿಗಳ ಆಕಾರವೇ ಬೇರೆ, ಅವು ಉದ್ದ ಚಾಚಿಕೊಂಡಿವೆ. ಬೇರೆ ಚೈನಿಗಾಗಿ ಮಾಡಿದ ಚೈನ್‌ರಿಂಗಿನ ಮೇಲೆ ಅದು ಸರಿಯಾಗಿ ಕೂರದೆ ಹಲ್ಲಿನ ಬುಡ ಮುಟ್ಟದೇ ಹೋಗಬಹುದು. ಬೇರೆ ಕಂಪನಿಯ ರಿಂಗ್ ಕೊಂಡಿದ್ದರೆ ಅದು ಶಿಮಾನೊ 12ಕ್ಕೆ ಆಗುತ್ತದೆ ಅಂತ ಬರೆದಿದೆಯೇ ನೋಡಿ. ಶ್ರಾಮ್‌ನ ಟ್ರಾನ್ಸ್‌ಮಿಷನ್ ಸೆಟ್ಟಿಗೂ ಹೀಗೇ: ಮೇಲ್ಭಾಗ ಚಪ್ಪಟೆಯಾದ ಅದರದೇ ಚೈನು ಬೇಕು.

ಕೊನೆಯದಾಗಿ ಕ್ಯಾಸೆಟ್. ಅದನ್ನು ಕೈಯಲ್ಲಿ ಹಿಡಿದು ಅಲುಗಾಡಿಸಿ. ಲೊಡಲೊಡ ಅಂದರೆ ಅದನ್ನು ಬಿಗಿ ಹಿಡಿಯುವ ಲಾಕ್‌ರಿಂಗ್ ಬಿಗಿಯಾಗಿಲ್ಲ ಅಥವಾ ಸ್ಪೇಸರ್ ಬಿಟ್ಟುಹೋಗಿದೆ. ರೋಡ್ ಸೈಕಲ್ಲಿನ 11 ಗೇರಿನ ಫ್ರೀಹಬ್ (ಹಬ್ಬಿನಲ್ಲಿ ಕ್ಯಾಸೆಟ್ ಕೂರುವ ಭಾಗ) ಎಂಟಿಬಿಯದಕ್ಕಿಂತ 1.85 ಮಿ.ಮೀ. ಉದ್ದ. ಗೆಳೆಯ ಕೊಟ್ಟ ಚಕ್ರದಲ್ಲಿ ಅದಿದ್ದು, ಮೇಲೆ ಶಿಮಾನೊದ 11 ಗೇರಿನ ಎಂಟಿಬಿ ಕ್ಯಾಸೆಟ್ ಹಾಕಿದರೆ ಹಿಂದೆ 1.85 ಮಿ.ಮೀ. ಸ್ಪೇಸರ್ ಬೇಕು. ಲಾಕ್‌ರಿಂಗಿಗೆ 40 ನ್ಯೂಟನ್ ಮೀಟರ್ ಬಿಗಿತ ಕೊಡಿ.

ಹಂತ 3: ಚೈನು ಹಾದ ದಾರಿ

ಇಲ್ಲಿ ನನ್ನದೇ ಕತೆ ಹೇಳಬೇಕು. ನಾನು ಜೋಡಿಸಿದ ಮೊದಲ ಸೈಕಲ್ಲು ಬಿಡದೆ ಕರಕರ ಅನ್ನುತ್ತಿತ್ತು. ಎರಡು ಸಂಜೆ ಸ್ಕ್ರೂ ತಿರುಗಿಸಿದೆ. ಮೂರನೇ ದಿನ ಡಿರೇಲರ್ ಒರೆಸುವಾಗ ಟಾರ್ಚ್ ಬೆಳಕಿನಲ್ಲಿ ಒಂದು ಗೀರು ಕಂಡಿತು. ಕಪ್ಪು ಪಂಜರದ ಒಳಗೆ ಉಗುರಿನಷ್ಟಗಲದ ಲೋಹದ ನಾಲಿಗೆ, ಅದರ ಅಂಚಿನ ಬಣ್ಣ ಹೋಗಿ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಚೈನು ಅದರ ಮೇಲೆ ಹತ್ತಿ ಉಜ್ಜಿಕೊಂಡು ಹೋಗುತ್ತಿತ್ತು.

ಡಿರೇಲರಿನ ಪಂಜರದಲ್ಲಿ ಎರಡು ಪುಲ್ಲಿಗಳು. ಕ್ಯಾಸೆಟ್ಟಿನಿಂದ ಇಳಿದ ಚೈನು ಮೇಲಿನ ಪುಲ್ಲಿಯ ಮುಂದಿನಿಂದ ಹಾದು, ಕೆಳಗಿನ ಪುಲ್ಲಿಯ ಹಿಂದಿನಿಂದ ಸುತ್ತಿ, ಅದರ ಅಡಿಯಿಂದ ಚೈನ್‌ರಿಂಗಿನ ಕಡೆ ಹೋಗಬೇಕು. ಎರಡು ಪುಲ್ಲಿಗಳ ನಡುವೆ ಅದು ನೇರ ಗೆರೆ ಎಳೆದ ಹಾಗೆ ಇರಬೇಕು. ಎಷ್ಟೋ ಡಿರೇಲರುಗಳಲ್ಲಿ ಆ ಜಾಗದಲ್ಲಿ ನಾಲಿಗೆಯಂಥ ಪಟ್ಟಿ ಅಥವಾ ಪಿನ್ ಇರುತ್ತದೆ. ಸರಿಯಾಗಿ ಹಾದ ಚೈನು ಅದನ್ನು ಮುಟ್ಟುವುದೇ ಇಲ್ಲ. ತಪ್ಪಾಗಿ ಹಾದದ್ದು ಅದರ ಮೇಲೆ ಬಾಗಿ ಉಜ್ಜುತ್ತದೆ. ಹೊರಗಿನಿಂದ ನೋಡಿದರೆ ಎಲ್ಲ ಸರಿಯಿದ್ದಂತೆಯೇ ಕಾಣುತ್ತದೆ, ಗೇರೂ ಬೀಳುತ್ತದೆ. ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ.

ತಪ್ಪಾಗಿದ್ದರೆ ಚೈನು ಬಿಚ್ಚಬೇಕಾಗಿಲ್ಲ. 12 ಗೇರಿನ ಕ್ವಿಕ್ ಲಿಂಕುಗಳಲ್ಲಿ ಶಿಮಾನೊ, ಶ್ರಾಮ್ ಎರಡರವೂ ಒಂದೇ ಸಲದ ಬಳಕೆಯವು, ಬಿಚ್ಚಿದರೆ ದುಡ್ಡು ದಂಡ. ಅದರ ಬದಲು ಪುಲ್ಲಿಗಳ ಬೋಲ್ಟ್ ಬಿಚ್ಚಿ, ಪಂಜರ ತೆರೆದು, ಚೈನನ್ನು ಸರಿದಾರಿಗೆ ತಂದು ಮತ್ತೆ ಮುಚ್ಚಿ. ಬೋಲ್ಟಿಗೆ ಒಂದು ಹನಿ ನೀಲಿ ಥ್ರೆಡ್‌ಲಾಕ್ ಹಾಕಿ. ಪುಲ್ಲಿಗಳ ಮೇಲೆ ಬಾಣದ ಗುರುತು ಇದ್ದರೆ ಅದು ಚೈನು ಸಾಗುವ ದಿಕ್ಕು. ಮೇಲಿನದು ಕೆಳಗೆ, ಕೆಳಗಿನದು ಮೇಲೆ ಆಗದಿರಲಿ, ಹಲವು ಡಿರೇಲರುಗಳಲ್ಲಿ ಎರಡೂ ಒಂದೇ ಅಲ್ಲ.

ಹಂತ 4: ದಪ್ಪ ಹಲ್ಲಿಗೆ ಹೊರಕೊಂಡಿ

ಒಂದೇ ರಿಂಗಿನ ಸೈಕಲ್ಲಿನಲ್ಲಿ ಚೈನ್‌ರಿಂಗಿನ ಹಲ್ಲು ಒಂದು ದಪ್ಪ, ಒಂದು ಸಣ್ಣ. ಚೈನಿನಲ್ಲೂ ಹಾಗೇ, ಒಂದು ಅಗಲದ ಹೊರಕೊಂಡಿ, ಒಂದು ಕಿರಿದಾದ ಒಳಕೊಂಡಿ. ದಪ್ಪ ಹಲ್ಲು ಹೊರಕೊಂಡಿಯೊಳಗೆ ಕೂರಬೇಕು. ಆತುರದಲ್ಲಿ ಒಂದು ಹಲ್ಲು ಆಚೀಚೆಯಾಗಿ ಹಾಕಿದರೆ ದಪ್ಪ ಹಲ್ಲು ಕಿರಿದಾದ ಕೊಂಡಿಯೊಳಗೆ ಇಳಿಯದೆ ಚೈನು ಮೇಲೆಯೇ ತೇಲುತ್ತದೆ. ಸ್ವಲ್ಪ ತುಳಿದ ಕೂಡಲೇ ಮುಂದೆ ಬೀಳುತ್ತದೆ.

ಪರೀಕ್ಷೆ ಸುಲಭ. ಚೈನನ್ನು ರಿಂಗಿನ ಮುಂಭಾಗದಲ್ಲಿ ಎರಡು ಬೆರಳಲ್ಲಿ ಹಿಡಿದು ಮುಂದಕ್ಕೆ ಎಳೆಯಿರಿ. ಹೊಸ ಚೈನು, ಹೊಸ ರಿಂಗ್ ಆದರೆ ಅದು ಏಳಬಾರದು. ಎದ್ದು ಬೆಳಕು ಕಂಡರೆ ಒಂದು ಹಲ್ಲು ಜರುಗಿಸಿ ಮತ್ತೆ ಕೂರಿಸಿ. ಜರುಗಿಸಿದರೂ ಏಳುತ್ತಿದ್ದರೆ ಹಂತ 2ಕ್ಕೆ ವಾಪಸ್, ಆ ರಿಂಗಿಗೂ ಚೈನಿಗೂ ಹೊಂದುವುದಿಲ್ಲ.

ಹಂತ 5: ಚೈನಿನ ಉದ್ದ

ಡಬ್ಬದಿಂದ ಬಂದ ಚೈನು ಸಾಮಾನ್ಯವಾಗಿ 116 ಅಥವಾ 126 ಕೊಂಡಿ ಇರುತ್ತದೆ. ಒಂದು ಕೊಂಡಿ ಅಂದರೆ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ, 12.7 ಮಿ.ಮೀ. "ಹಳೇ ಸೈಕಲ್ಲಿನಷ್ಟೇ ಕತ್ತರಿಸಿದೆ" ಅನ್ನುವವರು ನನಗೆ ಪ್ರತಿ ತಿಂಗಳೂ ಸಿಗುತ್ತಾರೆ. ಫ್ರೇಮು ಬದಲಾಯಿತು, ಕ್ಯಾಸೆಟ್ ಬದಲಾಯಿತು, ಚೈನಿನ ಉದ್ದ ಮಾತ್ರ ಅದೇ ಇರುತ್ತದೆಯೇ?

ಅಳೆಯುವ ರೀತಿ ಇದು. ಚೈನನ್ನು ಡಿರೇಲರಿಗೆ ಹಾಕದೆ ಹಿಂದಿನ ಅತಿ ದೊಡ್ಡ ಕಾಗ್ ಮತ್ತು ಚೈನ್‌ರಿಂಗ್ ಸುತ್ತ ಸುತ್ತಿ. ಎರಡು ತುದಿ ಕೂಡಲು ಸಾಧ್ಯವಾದ ಅತಿ ಹತ್ತಿರದ ಜಾಗ ಹುಡುಕಿ. ಅಲ್ಲಿಂದ ಕನಿಷ್ಠ 2 ಕೊಂಡಿ ಸೇರಿಸಿ, ಅಂದರೆ ಒಂದು ಒಳ, ಒಂದು ಹೊರ. ಇದು ಹಳೆಯ, ಎಲ್ಲರೂ ಒಪ್ಪುವ ಲೆಕ್ಕ. ದೊಡ್ಡ ಕ್ಯಾಸೆಟ್ಟಿನ ಈಗಿನ ಡಿರೇಲರುಗಳಿಗೆ ಕಂಪನಿಯ ಕೈಪಿಡಿ ಇದಕ್ಕಿಂತ ಜಾಸ್ತಿ ಹೇಳಿದ್ದರೆ ಕೈಪಿಡಿಯದೇ ಕೊನೆಯ ಮಾತು.

ಕಾಗದದ ಮೇಲೂ ಒಮ್ಮೆ ತಾಳೆ ನೋಡಬಹುದು. ಕ್ರ್ಯಾಂಕಿನ ಅಚ್ಚಿನಿಂದ ಹಿಂದಿನ ಚಕ್ರದ ಅಚ್ಚಿಗೆ ಇರುವ ದೂರವನ್ನು ಇಂಚಿನಲ್ಲಿ ಅಳೆದು ಎರಡರಿಂದ ಗುಣಿಸಿ. ಅದಕ್ಕೆ ಚೈನ್‌ರಿಂಗಿನ ಹಲ್ಲಿನ ಕಾಲು ಭಾಗ, ದೊಡ್ಡ ಕಾಗ್‌ನ ಹಲ್ಲಿನ ಕಾಲು ಭಾಗ, ಮೇಲೆ 1 ಸೇರಿಸಿ. ನನ್ನ ಸೈಕಲ್ಲಿನಲ್ಲಿ ಆ ದೂರ 435 ಮಿ.ಮೀ., ಅಂದರೆ 17.13 ಇಂಚು. ಎರಡರಷ್ಟು 34.26, ಜೊತೆಗೆ 8, ಜೊತೆಗೆ 12.75, ಜೊತೆಗೆ 1. ಒಟ್ಟು 56 ಇಂಚು, 112 ಕೊಂಡಿ. ಇದು ಕೆಳಗಿನ ಮಿತಿ. ಇದಕ್ಕಿಂತ ಕಮ್ಮಿ ಇದ್ದರೆ ಅನುಮಾನಿಸಿ.

ಹಿಂದೆಯೂ ಸಸ್ಪೆನ್ಷನ್ ಇರುವ ಸೈಕಲ್ಲಾದರೆ ಲೆಕ್ಕ ಬೇರೆ. ಸಸ್ಪೆನ್ಷನ್ ಕುಗ್ಗಿದಾಗ ಕ್ರ್ಯಾಂಕಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವಿನ ದೂರ ಹಿಗ್ಗಬಹುದು. ಶಾಕಿನ ಗಾಳಿ ತೆಗೆದು, ಸೈಕಲ್ಲನ್ನು ಒತ್ತಿ ಆ ದೂರ ಅತಿ ಹೆಚ್ಚಾಗುವಲ್ಲಿ ಹಿಡಿದು ಅಳೆಯಿರಿ. ಇದನ್ನು ಮರೆತವರು ಮೊದಲ ದೊಡ್ಡ ಗುಂಡಿಯಲ್ಲೇ ಡಿರೇಲರ್ ಕಿತ್ತುಕೊಂಡಿದ್ದಾರೆ.

ಕಮ್ಮಿ ಉದ್ದದ ಗುರುತು: ದೊಡ್ಡ ಕಾಗ್‌ನಲ್ಲಿ ಡಿರೇಲರಿನ ಪಂಜರ ಪೂರ್ತಿ ಮುಂದಕ್ಕೆ ಎಳೆದು ನೆಟ್ಟಗಾಗಿರುತ್ತದೆ, ಪೆಡಲ್ ಬಿಗಿ. ಹೀಗಿದ್ದರೆ ಒಂದು ಸುತ್ತೂ ತುಳಿಯಬೇಡಿ. ಜಾಸ್ತಿ ಉದ್ದದ ಗುರುತು: ಸಣ್ಣ ಕಾಗ್‌ನಲ್ಲಿ ಚೈನು ಜೋಲುತ್ತದೆ ಅಥವಾ ಪಂಜರದ ಬಳಿ ತನಗೆ ತಾನೇ ತಾಗುತ್ತದೆ. ಮೊದಲನೆಯದು ಅಪಾಯ, ಎರಡನೆಯದು ಬರೀ ಕಿರಿಕಿರಿ. ಹಾಗಾಗಿ ಅನುಮಾನ ಬಂದರೆ ಉದ್ದವೇ ಇರಲಿ, ಕತ್ತರಿಸುವುದು ನಾಳೆಯೂ ಆಗುತ್ತದೆ.

ಕತ್ತರಿಸುವ ಮೊದಲು ನೆನಪಿರಲಿ: ಕ್ವಿಕ್ ಲಿಂಕ್ ಹಾಕುವುದಾದರೆ ಎರಡೂ ತುದಿಯಲ್ಲಿ ಒಳಕೊಂಡಿಯೇ ಉಳಿಯಬೇಕು. ಕ್ವಿಕ್ ಲಿಂಕೇ ಹೊರಕೊಂಡಿ.

ಹಂತ 6: ಕೂಡಿಸಿದ ಜಾಗ ಮತ್ತು ಬಿಗಿ ಕೊಂಡಿ

ಕ್ವಿಕ್ ಲಿಂಕನ್ನು ಬೆರಳಲ್ಲಿ ಕೂರಿಸಿದರೆ ಸಾಲದು. ಅದನ್ನು ಚೈನಿನ ಮೇಲ್ಭಾಗಕ್ಕೆ ತಂದು, ಹಿಂದಿನ ಬ್ರೇಕ್ ಹಿಡಿದು ಪೆಡಲನ್ನು ಗಟ್ಟಿಯಾಗಿ ಒತ್ತಿ. 'ಟಕ್' ಅಂತ ಕೇಳಬೇಕು. ಆಮೇಲೆ ಎರಡೂ ಪಿನ್ನುಗಳು ಕಿಂಡಿಯ ತುದಿಯವರೆಗೆ ಸರಿದಿವೆಯೇ ಕಣ್ಣಿಟ್ಟು ನೋಡಿ. ಶಿಮಾನೊದ 12 ಗೇರಿನ ಲಿಂಕಿನ ಮೇಲೆ ಬಾಣದ ಗುರುತು ಇರುತ್ತದೆ, ಅದು ಚೈನು ಸಾಗುವ ದಿಕ್ಕಿಗೆ ಇರಲಿ.

ಚೈನ್ ಕಟ್ಟರಿನಿಂದ ಪಿನ್ ಒತ್ತಿ ಕೂಡಿಸಿದ ಕೊಂಡಿ ಬಿಗಿಯಾಗಿ ಮಡಚದೆ ಇರಬಹುದು. ಸಣ್ಣ ಕಾಗ್‌ಗೆ ಹಾಕಿ, ಪೆಡಲನ್ನು ಹಿಂದಕ್ಕೆ ನಿಧಾನ ತಿರುಗಿಸುತ್ತಾ ಕೆಳಗಿನ ಪುಲ್ಲಿಯನ್ನು ಸ್ಲೋ ಮೋಷನ್ನಿನಲ್ಲಿ ಹಿಡಿಯಿರಿ. ಬಿಗಿ ಕೊಂಡಿ ಪುಲ್ಲಿ ದಾಟುವಾಗ ಪಂಜರ ಸಣ್ಣಗೆ ಬೆಚ್ಚುತ್ತದೆ. ಮೂರೂವರೆ ಸುತ್ತಿಗೊಮ್ಮೆ ಬರುವ 'ಟಿಕ್' ಇದೇ. ಕೊಂಡಿ ಸಿಕ್ಕರೆ ಅದರ ಎರಡೂ ಬದಿ ಹೆಬ್ಬೆರಳಿಟ್ಟು ಪಕ್ಕಕ್ಕೆ ಮೆಲ್ಲಗೆ ಬಾಗಿಸಿ, ಬಿಡುತ್ತದೆ. 12 ಗೇರಿನ ಚೈನಾದರೆ ಪಿನ್ ಒತ್ತಿ ಕೂಡಿಸುವ ಹಟವೇ ಬೇಡ, ಹೊಸ ಕ್ವಿಕ್ ಲಿಂಕ್ ಹಾಕಿ.

ಹಂತ 7: ಹ್ಯಾಂಗರ್, ಮತ್ತು ಡಿರೇಲರ್ ಕೂತ ರೀತಿ

"ಫ್ರೇಮು ಹೊಸದು, ಹ್ಯಾಂಗರ್ ಹೇಗೆ ಬಾಗುತ್ತೆ?" ಅಂತ ಕೇಳುತ್ತಾರೆ. ಕೊರಿಯರಿನವರು ಡಬ್ಬವನ್ನು ಬಲಮಗ್ಗುಲಿಗೆ ಎಸೆದರೆ ಸಾಕು, ಬಾಗುತ್ತದೆ. ಅದನ್ನು ಬಾಗಲೆಂದೇ ಮೆದು ಅಲ್ಯೂಮಿನಿಯಮ್ಮಿನಲ್ಲಿ ಮಾಡಿರುತ್ತಾರೆ, ಫ್ರೇಮು ಉಳಿಯಲಿ ಅಂತ.

ಮೊದಲು ಹಿಂದಿನ ಚಕ್ರವನ್ನು ಬಿಚ್ಚಿ ಮತ್ತೆ ಕೂರಿಸಿ, ಆಕ್ಸಲ್ ಬಿಗಿ ಮಾಡಿ. ಸೊಟ್ಟಗೆ ಕೂತ ಚಕ್ರವೇ ಎಷ್ಟೋ ಸಲ ಹ್ಯಾಂಗರಿನ ಮೇಲೆ ಅಪವಾದ ಹೊರಿಸುತ್ತದೆ. ಹ್ಯಾಂಗರಿನ ಸ್ಕ್ರೂ ಬಿಗಿಯಿದೆಯೇ, ಅದರ ಹಿಂದೆ ಪೇಂಟಿನ ಗಂಟು ಇದೆಯೇ ನೋಡಿ. ಆಮೇಲೆ ಚೈನನ್ನು ನಡುವಿನ ಗೇರಿಗೆ ತಂದು ಸೈಕಲ್ಲಿನ ಹಿಂದೆ ಕೂತು ನೋಡಿ. ಎರಡು ಪುಲ್ಲಿಗಳೂ ಆ ಕಾಗ್‌ನ ಕೆಳಗೆ ಒಂದೇ ಗೆರೆಯಲ್ಲಿ ನೇತಾಡುತ್ತಿರಬೇಕು. ಕೆಳಗಿನ ಪುಲ್ಲಿ ಸ್ಪೋಕಿನ ಕಡೆ ವಾಲಿದ್ದರೆ ಹ್ಯಾಂಗರ್ ಒಳಗೆ ಬಾಗಿದೆ.

ಕಣ್ಣಳತೆ 12 ಗೇರಿಗೆ ಸಾಲದು. ಅಂಗಡಿಯಲ್ಲಿ ಗೇಜ್ ಹಾಕಿಸಿ, ಚಕ್ರದ ರಿಮ್ಮಿನ ಸುತ್ತ ನಾಲ್ಕು ಕಡೆ ಅಳೆದಾಗ ವ್ಯತ್ಯಾಸ 4 ಮಿ.ಮೀ. ಒಳಗೆ ಬರಬೇಕು. ಬರೀ ಕೈಯಲ್ಲಿ, ಡಿರೇಲರ್ ಹಿಡಿದು ಎಳೆದು "ಸರಿ ಮಾಡ್ತೀನಿ" ಅನ್ನುವ ಮೆಕ್ಯಾನಿಕ್ಕಿನ ಕೈಗೆ ಕೊಡಬೇಡಿ.

ಇನ್ನೊಂದು ತಪ್ಪು ಹೊಸ ಜೋಡಣೆಯಲ್ಲಿ ಮಾತ್ರ ಕಾಣುವಂಥದ್ದು. ಡಿರೇಲರನ್ನು ಹ್ಯಾಂಗರಿಗೆ ಹಾಕುವಾಗ ಬಿ ಸ್ಕ್ರೂವಿನ (ಪುಲ್ಲಿಗೂ ಕಾಗ್‌ಗೂ ಅಂತರ ಹೊಂದಿಸುವ ಸ್ಕ್ರೂ) ತುದಿ ಹ್ಯಾಂಗರಿನ ಹಿಂಬದಿಯ ಸಣ್ಣ ಮೆಟ್ಟಿಲಿಗೆ ತಾಗಿ ನಿಲ್ಲಬೇಕು. ಮೆಟ್ಟಿಲನ್ನು ದಾಟಿ ತಪ್ಪು ಬದಿಗೆ ಹೋಗಿದ್ದರೆ ಡಿರೇಲರ್ ಮುಂದಕ್ಕೆ ಮುಗ್ಗರಿಸಿದಂತೆ ಕಾಣುತ್ತದೆ, ಮೇಲಿನ ಪುಲ್ಲಿ ದೊಡ್ಡ ಕಾಗ್‌ಗೆ ಗುದ್ದುತ್ತದೆ. ಬೋಲ್ಟನ್ನು ಮೊದಲ ಕೆಲವು ಸುತ್ತು ಕೈಯಲ್ಲೇ ಹತ್ತಿಸಿ. ಬಿಗಿತ 8ರಿಂದ 10 ನ್ಯೂಟನ್ ಮೀಟರ್.

ಹಂತ 8: ಚೈನ್‌ಲೈನ್

ಸೈಕಲ್ಲಿನ ನಡುಗೆರೆಯಿಂದ ಚೈನ್‌ರಿಂಗಿನ ಹಲ್ಲಿಗೆ ಇರುವ ದೂರವೇ ಚೈನ್‌ಲೈನ್. ಹಿಂದೆ 148 ಮಿ.ಮೀ. ಬೂಸ್ಟ್ ಹಬ್ ಇರುವ ಫ್ರೇಮಿಗೆ ಸಾಮಾನ್ಯವಾಗಿ 52 ಮಿ.ಮೀ., ಶಿಮಾನೊದ ಕೆಲವು ಕ್ರ್ಯಾಂಕುಗಳಲ್ಲಿ 55. ಹಳೆಯ 135 ಅಥವಾ 142ರ ಫ್ರೇಮಿಗೆ 49-50ರ ಆಸುಪಾಸು. ಸೀಟ್ ಟ್ಯೂಬಿನ ಬದಿಯಿಂದ ಹಲ್ಲಿನ ನಡುವಿಗೆ ಅಳೆದು, ಟ್ಯೂಬಿನ ಅರ್ಧ ದಪ್ಪ ಸೇರಿಸಿದರೆ ಸಿಗುತ್ತದೆ.

ತಪ್ಪಿದ್ದರೆ ಎರಡು ಕಡೆ ಹುಡುಕಿ. ಒಂದು, ರಿಂಗಿನ ಆಫ್‌ಸೆಟ್, ಅಂದರೆ ಹಲ್ಲುಗಳು ಒಳಕ್ಕೆ ಸರಿದಿರುವ ಅಳತೆ. ಶ್ರಾಮ್ ಡೈರೆಕ್ಟ್ ಮೌಂಟ್ ರಿಂಗುಗಳಲ್ಲಿ ಬೂಸ್ಟ್‌ಗೆ 3 ಮಿ.ಮೀ., ಬೂಸ್ಟ್ ಅಲ್ಲದ್ದಕ್ಕೆ 6 ಮಿ.ಮೀ. ಎರಡು, ಬಾಟಮ್ ಬ್ರ್ಯಾಕೆಟ್ಟಿನ (ಕ್ರ್ಯಾಂಕಿನ ಅಚ್ಚು ತಿರುಗುವ ಬೇರಿಂಗ್) ಸ್ಪೇಸರ್. ಶಿಮಾನೊದ ಮರೆ (ಥ್ರೆಡ್) ಇರುವ ಬಾಟಮ್ ಬ್ರ್ಯಾಕೆಟ್ಟಿನ ಜೊತೆ ಮೂರು 2.5 ಮಿ.ಮೀ. ಸ್ಪೇಸರ್ ಬರುತ್ತವೆ. ಅದು ಕೂರುವ ಫ್ರೇಮಿನ ಕೊಳವೆ, ಅಂದರೆ ಶೆಲ್, 73 ಮಿ.ಮೀ. ಇದ್ದರೆ ಬಲಗಡೆ ಒಂದೇ ಸಾಕು. 68 ಮಿ.ಮೀ. ಶೆಲ್ಲಾದರೆ ಬಲಕ್ಕೆ ಎರಡು, ಎಡಕ್ಕೆ ಒಂದು. "ಡಬ್ಬದಲ್ಲಿ ಇತ್ತಲ್ಲ" ಅಂತ ಮೂರನ್ನೂ 73ಕ್ಕೆ ಹಾಕಿದವರ ಕ್ರ್ಯಾಂಕ್ ಸರಿಯಾಗಿ ಕೂರದು, ರಿಂಗೂ ಹೊರಕ್ಕೆ ಸರಿಯುತ್ತದೆ.

ಚೈನ್‌ರಿಂಗ್ ತೀರಾ ಹೊರಗಿದ್ದರೆ ದೊಡ್ಡ ಕಾಗ್‌ನಲ್ಲಿ ಪೆಡಲ್ ಹಿಂದಕ್ಕೆ ತಿರುಗಿಸಿದ ಕೂಡಲೇ ಚೈನು ಕೆಳಗಿನ ಕಾಗ್‌ಗೆ ಬೀಳುತ್ತದೆ. ಆದರೆ ಒಂದು ಮಾತು: ಒಂದೇ ರಿಂಗಿನ 12 ಗೇರಿನಲ್ಲಿ ದೊಡ್ಡ ಕಾಗ್‌ನಲ್ಲಿ ಹಿಂದಕ್ಕೆ ತುಳಿದರೆ ಒಂದಿಷ್ಟು ಬೀಳುವುದು ಇದ್ದದ್ದೇ. ಎರಡು ಸುತ್ತು ತಡೆದರೆ ಸಾಕು, ಅದಕ್ಕಾಗಿ ನಿದ್ದೆ ಕೆಡಿಸಿಕೊಳ್ಳಬೇಡಿ.

ಇದರ ಜೊತೆಗೇ ಫ್ರೀಹಬ್ ನೋಡಿಬಿಡಿ. ಚಕ್ರ ಜೋರಾಗಿ ತಿರುಗಿಸಿ ತುಳಿಯುವುದನ್ನು ನಿಲ್ಲಿಸಿ. ಚೈನಿನ ಮೇಲ್ಭಾಗ ಜೋತುಬಿದ್ದರೆ ಫ್ರೀಹಬ್ ಬಿಗಿಯಾಗಿದೆ, ಚೈನನ್ನು ಅದೇ ಮುಂದಕ್ಕೆ ತಳ್ಳುತ್ತಿದೆ. ತಪ್ಪು ಡಿರೇಲರಿನದಲ್ಲ, ಹಬ್ಬಿನದು.

ಹಂತ 9: ಕೇಬಲ್

ಗೇರ್ ಕೇಬಲ್ಲಿಗೆ ಗೇರಿನದೇ ಹೊರಕವಚ ಬೇಕು, ಬ್ರೇಕಿನದಲ್ಲ. ಬ್ರೇಕಿನ ಕವಚದೊಳಗೆ ತಂತಿ ಸುರುಳಿ ಸುತ್ತಿರುತ್ತದೆ, ಒತ್ತಡಕ್ಕೆ ಕುಗ್ಗುತ್ತದೆ, ಗೇರು ದಿನಕ್ಕೊಂದು ರೀತಿ ಬೀಳುತ್ತದೆ. ಕತ್ತರಿಸಿದ ತುದಿ ಚಪ್ಪಟೆಯಾಗಿದ್ದರೆ ದಬ್ಬಣದಿಂದ ತೂತು ದುಂಡಗೆ ಮಾಡಿ. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿದಾಗ ಕೇಬಲ್ ಬಿಗಿಯಬಾರದು.

ಡಿರೇಲರಿನಲ್ಲಿ ಕೇಬಲ್ ಕಚ್ಚುವ ಬೋಲ್ಟಿನ ಬಳಿ ಒಂದು ಕಾಲುವೆ ಇರುತ್ತದೆ. ಕೇಬಲ್ ಅದರಲ್ಲೇ ಕೂರಬೇಕು. ಬೋಲ್ಟಿನ ಇನ್ನೊಂದು ಬದಿಗೆ ಹೋದರೆ ಪ್ರತಿ ಕ್ಲಿಕ್ಕಿನ ಎಳೆತವೇ ಬದಲಾಗಿ, ಒಂದು ತುದಿಯ ಗೇರು ಸರಿಮಾಡಿದರೆ ಇನ್ನೊಂದು ತುದಿ ಕೆಡುತ್ತದೆ.

ಹಂತ 10: ಈಗ ಸ್ಕ್ರೂಗಳು

ಇಲ್ಲಿಯವರೆಗಿನ ಎಲ್ಲ ಸರಿಯಿದ್ದರೆ ಈ ಹಂತ ಹದಿನೈದು ನಿಮಿಷದ ಕೆಲಸ. ಒಂದು ಸಲಕ್ಕೆ ಒಂದೇ ಸ್ಕ್ರೂ, ಎಷ್ಟು ತಿರುಗಿಸಿದಿರಿ ಅಂತ ಬರೆದುಕೊಳ್ಳಿ.

ಕೇಬಲ್ ಬಿಚ್ಚಿ. ಶಿಫ್ಟರನ್ನು ಅತಿ ಸಣ್ಣ ಕಾಗ್‌ನ ಗೇರಿಗೆ ತನ್ನಿ, ಅದರ ಬ್ಯಾರೆಲನ್ನು (ಕೇಬಲ್ ಬಿಗಿ ಹೊಂದಿಸುವ ತಿರುಗುಂಡಿ) ಪೂರ್ತಿ ಒಳಗೆ ತಿರುಗಿಸಿ ಒಂದು ಸುತ್ತು ಹೊರಗೆ ಬಿಡಿ. ಸಣ್ಣ ಕಾಗ್ ಕಡೆಯ ಮಿತಿ ಹೊಂದಿಸುವ ಎಚ್ ಸ್ಕ್ರೂ ತಿರುಗಿಸಿ ಮೇಲಿನ ಪುಲ್ಲಿ ಸಣ್ಣ ಕಾಗ್‌ನ ನೇರ ಕೆಳಗೆ ಬರುವಂತೆ ಮಾಡಿ. ಈಗ ಕೇಬಲ್ಲನ್ನು ಕೈಯಲ್ಲಿ ಬಿಗಿ ಎಳೆದು ಬೋಲ್ಟ್ ಹಾಕಿ, ಶಿಮಾನೊ ಆದರೆ 6-7 ನ್ಯೂಟನ್ ಮೀಟರ್.

ಆಮೇಲೆ ದೊಡ್ಡ ಕಾಗ್ ಕಡೆಯ ಮಿತಿ ಹೊಂದಿಸುವ ಎಲ್ ಸ್ಕ್ರೂ. ನಿಧಾನಕ್ಕೆ ಗೇರ್ ಏರಿಸುತ್ತಾ ದೊಡ್ಡ ಕಾಗ್‌ಗೆ ಬನ್ನಿ. ಅಲ್ಲಿ ಡಿರೇಲರನ್ನು ಕೈಯಿಂದ ಸ್ಪೋಕಿನ ಕಡೆ ತಳ್ಳಿ ನೋಡಿ. ಚೈನು ದೊಡ್ಡ ಕಾಗ್ ದಾಟಿ ಒಳಗೆ ಹೋಗಬಾರದು. ಇದರಲ್ಲಿ ಅಂದಾಜು ಬೇಡ. ಚೈನು ಕ್ಯಾಸೆಟ್ಟಿಗೂ ಸ್ಪೋಕಿಗೂ ನಡುವೆ ಬಿದ್ದರೆ ಚಕ್ರ, ಡಿರೇಲರ್, ಕೆಲವೊಮ್ಮೆ ಫ್ರೇಮೂ ಹೋಗುತ್ತದೆ.

ಮೂರನೆಯದು ಬಿ ಸ್ಕ್ರೂ, ಮೇಲಿನ ಪುಲ್ಲಿಗೂ ದೊಡ್ಡ ಕಾಗ್‌ಗೂ ಇರುವ ಅಂತರ. ಶಿಮಾನೊದ 51 ಹಲ್ಲಿನ ಸೆಟ್ಟಿನಲ್ಲಿ ಪಂಜರದ ಹಿಂದೆ ಒಂದು ಗೆರೆ ಇರುತ್ತದೆ, ದೊಡ್ಡ ಕಾಗ್‌ನ ಹಲ್ಲಿನ ತುದಿ ಅದಕ್ಕೆ ಹೊಂದಬೇಕು. ಶ್ರಾಮ್ ಈಗಲ್‌ಗೆ ಪ್ಲಾಸ್ಟಿಕ್ ಗೇಜ್ ಬರುತ್ತದೆ. ಹಿಂದೆ ಸಸ್ಪೆನ್ಷನ್ ಇದ್ದರೆ ನೀವು ಸೀಟಿನ ಮೇಲೆ ಕೂತಿರುವಾಗ ಇನ್ನೊಬ್ಬರು ನೋಡಬೇಕು. ಅಂತರ ಜಾಸ್ತಿಯಾದರೆ ಗೇರು ಸೋಮಾರಿಯಾಗಿ ಬೀಳುತ್ತದೆ, ಕಮ್ಮಿಯಾದರೆ ಪುಲ್ಲಿ ಕಾಗ್‌ಗೆ ತಾಗಿ ಗುರ್ರೆನ್ನುತ್ತದೆ.

ಕೊನೆಗೆ, ಎಲ್ಲರೂ ಮೊದಲು ತಿರುಗಿಸುವ ಬ್ಯಾರೆಲ್. ದೊಡ್ಡ ಕಾಗ್‌ನ ಕಡೆ ಏರಲು ಚೈನು ಹಿಂಜರಿದರೆ ಬ್ಯಾರೆಲನ್ನು ಕಾಲು ಸುತ್ತು ಹೊರಕ್ಕೆ, ಅಂದರೆ ಅಪ್ರದಕ್ಷಿಣವಾಗಿ. ಸಣ್ಣದರ ಕಡೆ ಇಳಿಯಲು ಹಿಂಜರಿದರೆ ಕಾಲು ಸುತ್ತು ಒಳಕ್ಕೆ. ಎರಡು ಸುತ್ತು ದಾಟಿಯೂ ಸರಿಯಾಗದಿದ್ದರೆ ನಿಲ್ಲಿಸಿ, ತಪ್ಪು ಬ್ಯಾರೆಲಿನಲ್ಲಿಲ್ಲ. ಹಂತ 7ಕ್ಕೆ ವಾಪಸ್.

ಡಿರೇಲರಿಗೆ ಕ್ಲಚ್ (ಪಂಜರ ಕುಲುಕದಂತೆ ಬಿಗಿ ಹಿಡಿಯುವ ಭಾಗ) ಸ್ವಿಚ್ ಇದ್ದರೆ ಅದನ್ನು ಆನ್ ಮಾಡಲು ಮರೆಯಬೇಡಿ. ಚೈನು ಹಾಕುವಾಗ ಆಫ್ ಮಾಡಿದ್ದನ್ನು ಹಾಗೇ ಬಿಟ್ಟು, "ಗುಂಡಿಯಲ್ಲಿ ಚೈನು ಬೀಳುತ್ತೆ" ಅಂತ ಮೂರು ವಾರ ಒದ್ದಾಡಿದವರನ್ನು ಬಲ್ಲೆ.

ಹಂತ 11: ಭಾರ ಹಾಕಿ ನೋಡುವುದು

ಸ್ಟ್ಯಾಂಡಿನಲ್ಲಿ ಸರಿಯಿದ್ದದ್ದು ನೆಲದಲ್ಲಿ ಸರಿಯಿರಬೇಕೆಂದಿಲ್ಲ. ಆದರೆ ಮೊದಲ ಪರೀಕ್ಷೆ ರಸ್ತೆಯಲ್ಲೂ ಬೇಡ, ಬೆಂಗಳೂರಿನ ತುರಹಳ್ಳಿ ಕಾಡಿನ ಏರಿನಲ್ಲೂ ಬೇಡ. ಎದ್ದು ನಿಂತು ತುಳಿಯುವಾಗ ಚೈನು ಜಾರಿದರೆ ಮೊಣಕಾಲು ನೇರ ಹ್ಯಾಂಡಲಿಗೆ ಬಡಿಯುತ್ತದೆ. ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಇಳಿಜಾರು ಇದಕ್ಕೆ ಹೇಳಿ ಮಾಡಿಸಿದ ಜಾಗ. ಸೀಟಿನ ಮೇಲೆ ಕೂತೇ ಪ್ರತಿ ಗೇರಿನಲ್ಲೂ ಒಂದು ಸಲ ಏರಿ.

ಭಾರ ಬಿದ್ದಾಗ ಒಂದೇ ಕಾಗ್‌ನಲ್ಲಿ ಜಾರಿದರೆ ಕ್ಯಾಸೆಟ್ ಹಳೆಯದೇ ಅಂತ ಕೇಳಿಕೊಳ್ಳಿ. ಸೆಕೆಂಡ್ ಹ್ಯಾಂಡ್ ಚಕ್ರದ ಜೊತೆ ಬಂದ ಸವೆದ ಕ್ಯಾಸೆಟ್ಟಿನ ಮೇಲೆ ಹೊಸ ಚೈನು ಹಿಡಿಯುವುದಿಲ್ಲ. ಎಲ್ಲ ಗೇರಿನಲ್ಲೂ ಒಂದೇ ಲಯದಲ್ಲಿ ಜಾರಿದರೆ ಬಿಗಿ ಕೊಂಡಿ ಅಥವಾ ಹಂತ 4.

ಈ ಯಾವುದು ಕಂಡರೂ ಇಳಿದು ತಳ್ಳಿಕೊಂಡು ಬನ್ನಿ: ದೊಡ್ಡ ಕಾಗ್‌ನಲ್ಲಿ ಪಂಜರ ಸ್ಪೋಕಿಗೆ ತಾಗುವ 'ಟಿಂಗ್ ಟಿಂಗ್', ಕ್ವಿಕ್ ಲಿಂಕಿನ ಪಿನ್ ಅರ್ಧ ಸರಿದಿರುವುದು, ಯಾವುದಾದರೂ ಕೊಂಡಿಯ ಹೊರಪಟ್ಟಿ ಅಗಲವಾಗಿ ಪಿನ್ ಹೊರಗೆ ಇಣುಕುತ್ತಿರುವುದು, ತುಳಿಯುವುದು ನಿಲ್ಲಿಸಿದ ಕೂಡಲೇ ಚೈನು ಜೋಲುವುದು.

ಮೊದಲ 50 ಕಿ.ಮೀ.

ಹೊಸ ಚೈನಿಗೆ ಕಂಪನಿಯೇ ಹಚ್ಚಿದ ಗ್ರೀಸ್ ಇರುತ್ತದೆ. ಅದನ್ನು ಪೆಟ್ರೋಲಿನಲ್ಲಿ ತೊಳೆಯಬೇಡಿ. ಹೊರಮೈ ಮಾತ್ರ ಬಟ್ಟೆಯಿಂದ ಒರೆಸಿ, ಇಲ್ಲದಿದ್ದರೆ ಧೂಳೆಲ್ಲ ಅಂಟುತ್ತದೆ. ಕೊಬ್ಬರಿ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಎರಡೂ ಬೇಡ. ಮಲೆನಾಡಿನ ಕೆಂಪು ಕೆಸರಿನಲ್ಲಿ ಓಡಿಸಿ ಬಂದರೆ ನೀರು ಹಾಯಿಸಿ, ಒಣಗಿಸಿ, ಚೈನಿನದೇ ಎಣ್ಣೆ ಕೊಂಡಿಗೊಂದು ಹನಿ ಬಿಡಿ, ಹತ್ತು ನಿಮಿಷ ಬಿಟ್ಟು ಒರೆಸಿ.

ಒಂದೆರಡು ಸವಾರಿಯ ಮೇಲೆ ಗೇರು ಮತ್ತೆ ಸ್ವಲ್ಪ ತಪ್ಪುತ್ತದೆ. ಗಾಬರಿ ಬೇಡ, ಕವಚ ಅದರ ಜಾಗದಲ್ಲಿ ಕೂರುತ್ತಿದೆ ಅಷ್ಟೇ. ಬ್ಯಾರೆಲನ್ನು ಕಾಲೋ ಅರ್ಧವೋ ಸುತ್ತು ಹೊರಕ್ಕೆ ತಿರುಗಿಸಿದರೆ ಸರಿ. ಅದೇ ದಿನ ಡಿರೇಲರ್ ಬೋಲ್ಟ್, ಹ್ಯಾಂಗರ್ ಸ್ಕ್ರೂ, ಚೈನ್‌ರಿಂಗ್ ಬೋಲ್ಟುಗಳು, ಕ್ಯಾಸೆಟ್ ಲಾಕ್‌ರಿಂಗ್ ನಾಲ್ಕಕ್ಕೂ ಇನ್ನೊಮ್ಮೆ ಟಾರ್ಕ್ ರೆಂಚ್ ಇಡಿ.

ಇಷ್ಟಾದ ಮೇಲೂ ತೊಂದರೆ ಉಳಿದರೆ ಹಿಂದಿನಿಂದ ಸ್ಲೋ ಮೋಷನ್ ವಿಡಿಯೊ ತೆಗೆಯಿರಿ: ದೊಡ್ಡ ಕಾಗ್, ನಡುವಿನದು, ಸಣ್ಣದು, ತಲಾ ಹತ್ತು ಸೆಕೆಂಡು. ಅದನ್ನೂ ಹಂತ 2ರ ಚೀಟಿಯನ್ನೂ ಮೆಕ್ಯಾನಿಕ್ಕಿಗೆ ತೋರಿಸಿ. ಏನೇನು ತಿರುಗಿಸಿದ್ದೀರಿ ಅನ್ನುವ ಪಟ್ಟಿಯೂ ಜೊತೆಗಿರಲಿ. ಅವರೂ ಮೊದಲು ಕೇಳುವುದು ಅದನ್ನೇ.